ಅಮ್ಮನನ್ನು ಕೇಳದೆ ಹೊತ್ತ ಹೊರೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಸಲಹಾರ್ಥಿಯ ಮತ್ತು ಅವರ ತಾಯಿಯ ಒಪ್ಪಿಗೆ ಪಡೆದಿದ್ದೇನೆ.)

ನಿದ್ದೆ ಬರುತ್ತಿಲ್ಲವೆಂದು ಹೇಳಿಕೊಂಡು 48 ವರ್ಷದ ಮಹಿಳೆಯೊಬ್ಬರು ಆಪ್ತಸಲಹೆಗಾಗಿ ನನ್ನ ಬಳಿ ಬಂದರು. ಆರು ತಿಂಗಳೊಳಗೆ ಅವರ ಬದುಕಿನಲ್ಲಿ ಮೂರು ಸಂಗತಿಗಳು ಒಂದರ ಬೆನ್ನಿಗೆ ಒಂದು ನಡೆದಿದ್ದವು. ಬೇರೆ ಊರಿನಲ್ಲಿರುವ ಮಗಳಿಗೆ ಹೆರಿಗೆಯಾಗಿ ಇವರು ಅಜ್ಜಿಯಾಗಿದ್ದರು. ವರ್ಷಗಳಿಂದ ಮುಂದೂಡುತ್ತ ಬಂದಿದ್ದ ಶಿಕ್ಷಕ ತರಬೇತಿಗೆ ಸೇರಿ ವಾರದಲ್ಲಿ ಮೂರು ಸಂಜೆ ತರಗತಿಗೆ ಹೋಗತೊಡಗಿದ್ದರು. ಅದೇ ಹೊತ್ತಿಗೆ, ಜೊತೆಯಲ್ಲಿರುವ 78 ವರ್ಷದ ತಾಯಿ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದಿದ್ದರು. ಮೂಳೆ ಮುರಿದಿರಲಿಲ್ಲ. ಆದರೂ ಆ ರಾತ್ರಿಯಿಂದ ಇವರಿಗೆ ಕಣ್ಣು ಮುಚ್ಚಲು ಭಯ.

"ಮೊಮ್ಮಗುವನ್ನು ಎತ್ತಿಕೊಂಡಾಗ ಅಲ್ಲಿ ಅಮ್ಮ ಒಬ್ಬಳೇ ಇದ್ದಾಳೆ ಅನ್ನಿಸುತ್ತದೆ. ಅಮ್ಮನ ಪಕ್ಕ ಕೂತರೆ ಪಾಠ ಬಾಕಿ ಇದೆ ಅನ್ನಿಸುತ್ತದೆ. ತರಗತಿಯಲ್ಲಿ ಕೂತರೆ ಈ ವಯಸ್ಸಿನಲ್ಲಿ ಇದೆಲ್ಲ ನನಗೆ ಬೇಕಿತ್ತೇ ಅನ್ನಿಸುತ್ತದೆ" ಎಂದರು. ತರಬೇತಿಯನ್ನು ಬಿಟ್ಟುಬಿಡುವ ನಿರ್ಧಾರವನ್ನು ಅವರು ಹೆಚ್ಚು ಕಡಿಮೆ ಮಾಡಿಕೊಂಡೇ ಬಂದಿದ್ದರು.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಇದನ್ನು ಸಮಯದ ಹೊಂದಾಣಿಕೆಯ ಸಮಸ್ಯೆಯೆಂದು ಭಾವಿಸಿ, ವಾರದ ವೇಳಾಪಟ್ಟಿಯೊಂದನ್ನು ಬರೆದುಕೊಂಡು ಬರಲು ಹೇಳಿದೆ. ಅವರು ತಂದ ಹಾಳೆಯಲ್ಲಿ ಖಾಲಿ ಜಾಗವೇ ಇರಲಿಲ್ಲ. ರಾತ್ರಿ ಹನ್ನೆರಡು, ಎರಡು ಮತ್ತು ನಾಲ್ಕು ಗಂಟೆಯ ಮುಂದೆಯೂ 'ಅಮ್ಮನನ್ನು ನೋಡುವುದು' ಎಂದು ಬರೆದಿತ್ತು.

ಎರಡನೆಯ ಭೇಟಿಯಲ್ಲಿ, ಆರೈಕೆ ಮಾಡುವವರ ಹೊರೆಯನ್ನು ಅಳೆಯಲು ಬಳಸುವ ಜೆರಿಟ್ ಪ್ರಶ್ನಾವಳಿಯನ್ನು ಅವರ ಮುಂದಿಟ್ಟೆ. ಅದರಲ್ಲಿ 22 ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ 0ರಿಂದ 4ರವರೆಗೆ ಅಂಕ ಕೊಡಬೇಕು. ಒಟ್ಟು ಅಂಕ ಎಷ್ಟು ಎಂಬುದಕ್ಕಿಂತ ಯಾವ ಪ್ರಶ್ನೆಗಳಿಗೆ ಅಂಕ ಹೆಚ್ಚಿದೆ ಎಂಬುದನ್ನು ನಾನು ಗಮನಿಸುತ್ತೇನೆ. ತಾಯಿಯ ಮೇಲಿನ ಸಿಟ್ಟು, ಸಂಕೋಚ ಇತ್ಯಾದಿಗಳ ಮುಂದೆ ಇವರು ಸೊನ್ನೆ ಹಾಕಿದ್ದರು. ತಾಯಿಗಾಗಿ ಇನ್ನೂ ಹೆಚ್ಚು ಮಾಡಬೇಕಿತ್ತು ಎನಿಸುತ್ತದೆಯೇ ಎಂಬ ಪ್ರಶ್ನೆಯ ಮುಂದೆ 4 ಇತ್ತು. ಅವರು ದಣಿದಿದ್ದು ಕೆಲಸದಿಂದಷ್ಟೇ ಅಲ್ಲ, ಮಾಡಿದ್ದು ಸಾಲದೆಂಬ ಭಾವನೆಯಿಂದಲೂ ಹೌದು ಎಂಬುದು ನನಗೆ ಆಗ ತಿಳಿಯಿತು.

ಹಾಗಾಗಿ, ತಾಯಿಗೆ ನಿಜವಾಗಿ ಏನು ಬೇಕು ಎಂಬಲ್ಲಿಂದ ಮತ್ತೆ ಆರಂಭಿಸಿದೆವು. ಹಿರಿಯರ ಸ್ವಾವಲಂಬನೆಯನ್ನು ಅರಿಯಲು 1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕ್ಯಾಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಪಟ್ಟಿಯೊಂದಿದೆ. ಸ್ನಾನ, ಬಟ್ಟೆ ತೊಡುವುದು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ನಿಯಂತ್ರಣ, ಊಟ ಎಂಬ ಆರು ಕೆಲಸಗಳನ್ನು ವ್ಯಕ್ತಿ ತಾನೇ ಮಾಡಬಲ್ಲರೇ ಎಂದು ಅದರಲ್ಲಿ ನೋಡುತ್ತಾರೆ. ಒಂದು ವಾರ ಸಹಾಯಕ್ಕೆ ಮುನ್ನುಗ್ಗದೆ ಕೇವಲ ಗಮನಿಸಿ ಎಂದು ಕೇಳಿಕೊಂಡೆ. ಐದು ಕೆಲಸಗಳನ್ನು ತಾಯಿ ತಾವೇ ಮಾಡಿಕೊಳ್ಳುತ್ತಿದ್ದರು. ಸ್ನಾನಕ್ಕೆ ಮಾತ್ರ ಆಸರೆ ಬೇಕಿತ್ತು.

ಅದೇ ವಾರ ಸಲಹಾರ್ಥಿಯ ಕಣ್ಣಿಗೆ ಇನ್ನೊಂದು ಬಿದ್ದಿತ್ತು. ತಾಯಿಯ ಮಂಚದಿಂದ ಬಚ್ಚಲಿನ ಬಾಗಿಲವರೆಗೆ, ಗೋಡೆಯ ಬಣ್ಣದ ಮೇಲೆ ಸೊಂಟದೆತ್ತರದಲ್ಲಿ, ಅಂಗೈ ಊರಿ ಊರಿ ಮಾಸಿದ ಗುರುತುಗಳ ಸಾಲು. ಬಿದ್ದದ್ದು ಒಮ್ಮೆಯಾದರೂ ತಾಯಿ ಎಷ್ಟೋ ದಿನಗಳಿಂದ ತೂರಾಡುತ್ತಲೇ ನಡೆಯುತ್ತಿದ್ದರು.

ಮೂರನೆಯ ಭೇಟಿಗೆ ತಾಯಿಯನ್ನೂ ಕರೆಸಿಕೊಂಡೆ. ಅಷ್ಟು ದಿನ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ, ನಾನೂ ಸೇರಿದಂತೆ. ರಾತ್ರಿ ಏಳಬೇಕಾಗಿ ಬಂದರೆ ಮಗಳ ನಿದ್ದೆ ಕೆಡುತ್ತದೆಂದು ಅವರು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮಗಳ ಕಡೆ ತಿರುಗಿ, "ನನ್ನ ಕಾಯೋಕೆ ಅಂತ ನೀನು ಮಗು ನೋಡೋಕೆ ಹೋಗದೇ ಇದ್ದರೆ ಆ ಪಾಪ ನನಗೆ ಬೇಡ. ಓದೋದನ್ನ ಬಿಟ್ಟರಂತೂ ನಾನು ಮಾತೇ ಆಡಲ್ಲ" ಎಂದರು. ಇಬ್ಬರೂ ಅತ್ತರು. ನಾನು ಸುಮ್ಮನಿದ್ದೆ.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ವೈದ್ಯರನ್ನು ಕಾಣುವುದು. ಎದ್ದು ನಿಂತ 3 ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ತಲೆಸುತ್ತಿ ಬೀಳುವ ಅಪಾಯವಿರುತ್ತದೆ. ದೇಹದಲ್ಲಿ ನೀರು ಕಡಿಮೆಯಾಗುವುದರಿಂದಲೂ ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ಮಲಗಿದಾಗ ಮತ್ತು ನಿಂತಾಗ ಬೇರೆ ಬೇರೆಯಾಗಿ ಅಳೆಯುವಂತೆ ಕೇಳಿ, ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ ಎಂದು ಹೇಳಿದೆ. ಅಳೆದಾಗ ಇಳಿಕೆ ಕಂಡುಬಂತು. ವೈದ್ಯರು ಒಂದು ಮಾತ್ರೆಯ ಪ್ರಮಾಣ ತಗ್ಗಿಸಿ, ಹಗಲಿನಲ್ಲಿ ಸಾಕಷ್ಟು ನೀರು ಕುಡಿಯಲು ಮತ್ತು ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಆಮೇಲೆ ಏಳಲು ತಿಳಿಸಿದರು. ಗೋಡೆಯ ಗುರುತುಗಳಿದ್ದ ಎತ್ತರದಲ್ಲೇ ಸಲಹಾರ್ಥಿ ಹಿಡಿಕೆ ಹಾಕಿಸಿದರು. ರಾತ್ರಿ ದೀಪವೂ ಬಂತು.

ಸಲಹಾರ್ಥಿಯ ತಮ್ಮನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಿದೆ. 'ಏನಾದರೂ ಬೇಕಿದ್ದರೆ ಹೇಳಕ್ಕ' ಎನ್ನುವವರಿಗೆ ಕೆಲಸ ಹೇಳುವ ಹೊರೆಯೂ ಅಕ್ಕನ ಮೇಲೆಯೇ ಬೀಳುತ್ತದೆ. ಆದ್ದರಿಂದ ತಿಂಗಳಲ್ಲಿ ಎರಡು ರಾತ್ರಿ ತಾಯಿಯ ಜೊತೆ ಇರುವುದು ಅವನ ಪಾಲಿನ ಕೆಲಸವೆಂದು ದಿನಾಂಕ ಸಮೇತ ನಿಗದಿಯಾಗಬೇಕು, ಆ ಎರಡು ದಿನ ಇವರು ಮೊಮ್ಮಗುವಿನ ಬಳಿ ಇರಬೇಕು ಎಂದೆ. ಸ್ನಾನಕ್ಕೆ ನೆರವಾಗುವವರನ್ನು ತಾಯಿಯೇ ಆರಿಸಲಿ ಎಂದೂ ಸೂಚಿಸಿದೆ. ತರಬೇತಿಯನ್ನು ಬಿಡುವ ಬದಲು ಈ ವರ್ಷ ಒಂದು ವಿಷಯವನ್ನಷ್ಟೇ ಮುಂದಕ್ಕೆ ಹಾಕಿಕೊಂಡರು. ತಾಯಿಯ ಸ್ಥಿತಿ ಹೀಗೆಯೇ ಇರುವುದಿಲ್ಲವಾದ್ದರಿಂದ, ಮೂರು ತಿಂಗಳಿಗೊಮ್ಮೆ ಮತ್ತು ಮತ್ತೆ ಬಿದ್ದರೆ ತಕ್ಷಣವೇ ಈ ಏರ್ಪಾಡನ್ನು ಮರುಪರಿಶೀಲಿಸಬೇಕೆಂದು ಮೂವರೂ ಒಪ್ಪಿದ್ದಾರೆ.

ಎಲ್ಲವೂ ನೆಟ್ಟಗಾಗಿಲ್ಲ. ಕಳೆದ ತಿಂಗಳು ತಮ್ಮ ಬರಲಿಲ್ಲ, ಮೊಮ್ಮಗುವಿನ ಬಳಿಗೆ ಇವರ ಪ್ರಯಾಣ ರದ್ದಾಯಿತು. ಸಲಹಾರ್ಥಿಗೆ ರಾತ್ರಿ ಈಗಲೂ ಒಮ್ಮೆ ಎಚ್ಚರವಾಗುತ್ತದೆ. ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು ಉಸಿರಾಟ ಕೇಳಿಸಿಕೊಂಡು, ಹೋಗಿ ಮಲಗುತ್ತಾರೆ. ಮುಂದಿನ ಭೇಟಿಗೆ ತಮ್ಮನೂ ಬರಲಿದ್ದಾರೆ.