ಸಂಪಾದಕರ ಉತ್ತರ: ಆ ಮೂಲೆಯನ್ನು ಅವರ ಕೈಗೇ ಕೊಡಿ

ಓದುಗರ ಪತ್ರ, ಸಂಕ್ಷಿಪ್ತವಾಗಿ: "ನಾನು ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಚಿಕ್ಕ ಮಕ್ಕಳು ಅಪ್ಪ ಅಮ್ಮನ ಜೊತೆ ಬರುತ್ತಾರೆ. ಹಿರಿಯರು ಪತ್ರಿಕೆ ಓದಲು ಬರುತ್ತಾರೆ. ಆದರೆ ಹನ್ನೆರಡು ಹದಿಮೂರು ದಾಟಿದ ಮಕ್ಕಳು ಬರುವುದೇ ನಿಂತುಹೋಗುತ್ತದೆ. ಬಂದರೂ ಪರೀಕ್ಷೆಗೆ ಓದಿಕೊಂಡು ಎದ್ದು ಹೋಗುತ್ತಾರೆ, ಕಪಾಟಿನ ಕಡೆ ತಿರುಗಿ ನೋಡುವುದಿಲ್ಲ. ಈಗ ಅವರಿಗಾಗಿ ಒಂದು ಮೂಲೆ, ಸ್ವಲ್ಪ ಹಣ ಸಿಕ್ಕಿದೆ. ಯಾವ ಪುಸ್ತಕ ತರಿಸಲಿ? ಪ್ರಬಂಧ ಸ್ಪರ್ಧೆ, ರಸಪ್ರಶ್ನೆ ಬಿಟ್ಟು ಬೇರೇನು ಮಾಡಿಸಲಿ? ಮಾತು, ನಗು ಜಾಸ್ತಿಯಾದರೆ ಹಿರಿಯರಿಗೆ ಸಿಟ್ಟು ಬರುತ್ತದೆ. ಕೆಲವು ಪುಸ್ತಕ ಇಟ್ಟರೆ ಪೋಷಕರು ಜಗಳಕ್ಕೆ ಬರುತ್ತಾರೆ. ದಯವಿಟ್ಟು ಒಂದು ಪಟ್ಟಿ ಕೊಡಿ." (ಹೆಸರು ಬೇಡ ಎಂದಿದ್ದಾರೆ.)

ಮೇಡಂ,

ನಿಮ್ಮ ಪತ್ರ ಓದಿ ಖುಷಿಯಾಯಿತು. ಸಿಕ್ಕ ಹಣಕ್ಕೆ ಒಂದಿಷ್ಟು ಪುಸ್ತಕ ತಂದು, ಸೀಲು ಹೊಡೆದು, ಕಪಾಟಿಗೆ ತುಂಬಿಸಿ ಸುಮ್ಮನಿದ್ದುಬಿಡಬಹುದಿತ್ತು. ನೀವು ಹಾಗೆ ಮಾಡದೆ ಕೂತು ಯೋಚಿಸಿದ್ದೀರಿ.

ಪಟ್ಟಿ ಮಾತ್ರ ನಾನು ಕೊಡುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ನಾನು ಬರೆದರೆ ಅದು ನನ್ನ ವಯಸ್ಸಿನವರ ಪಟ್ಟಿ ಆಗುತ್ತದೆ. ನಿಮ್ಮಲ್ಲಿಗೆ ಬರುವ ಹದಿನಾಲ್ಕರ ಹುಡುಗಿಗೆ ಏನು ಬೇಕು ಅನ್ನೋದು ಅವಳಿಗೆ ಗೊತ್ತು. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಬಂದ ಹಣವನ್ನು ಪೂರ್ತಿ ಖರ್ಚು ಮಾಡಬೇಡಿ. ಅರ್ಧ ಎತ್ತಿಡಿ. ಆ ಅರ್ಧದಲ್ಲಿ ಏನು ತರಬೇಕು ಅನ್ನೋ ತೀರ್ಮಾನವನ್ನು ಐದಾರು ಮಕ್ಕಳಿಗೆ ಬಿಡಿ. ಪರೀಕ್ಷೆಗೆ ಓದಲು ಬರುವವರಲ್ಲೇ ಇಬ್ಬರನ್ನು ಕೇಳಿದರೆ ಸಾಕು, ಅವರು ಉಳಿದವರನ್ನು ಕರೆತರುತ್ತಾರೆ. ಹಲವು ದೇಶಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇಂಥ ಹದಿಹರೆಯದವರ ಸಲಹಾ ತಂಡ ಇರುತ್ತದೆ. ತಿಂಗಳಿಗೊಮ್ಮೆ ಸೇರುತ್ತಾರೆ, ಪುಸ್ತಕ ಆರಿಸುತ್ತಾರೆ, ಮುಂದಿನ ಕಾರ್ಯಕ್ರಮ ಏನು ಅಂತ ಅವರೇ ಹೇಳುತ್ತಾರೆ. ಒಂದು ಎಚ್ಚರಿಕೆ ಇದೆ. ಅವರ ಮಾತು ಕೇಳಿಸಿಕೊಂಡು ಆಮೇಲೆ ನಿಮಗೆ ಸರಿ ಕಂಡಿದ್ದನ್ನೇ ಮಾಡಿದರೆ, ಆ ಮಕ್ಕಳು ಎರಡನೇ ಸಭೆಗೆ ಬರುವುದಿಲ್ಲ. ಅವರು ಆರಿಸಿದ ಪುಸ್ತಕ ನಿಮಗೆ ಇಷ್ಟವಾಗದಿದ್ದರೂ ತರಿಸಿ.

ಇವರು ದೂರವಾಗುವುದಕ್ಕೆ ಫೋನೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಮೊಬೈಲ್ ಫೋನ್ ಹುಟ್ಟುವುದಕ್ಕೆ ಮುಂಚೆಯೂ ಇದೇ ಚಿಂತೆ ಇತ್ತು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ 1919ರಲ್ಲೇ ಮೇಬಲ್ ವಿಲಿಯಮ್ಸ್ ಎಂಬ ಗ್ರಂಥಪಾಲಕಿಗೆ ಈ ವಯಸ್ಸಿನವರ ಜವಾಬ್ದಾರಿ ವಹಿಸಿತ್ತು. ಮಕ್ಕಳ ವಿಭಾಗದ ಕುರ್ಚಿ ಇವರಿಗೆ ಚಿಕ್ಕದು. ದೊಡ್ಡವರ ವಿಭಾಗದಲ್ಲಿ ಇಬ್ಬರು ಸೇರಿ ಕೂತರೆ ಯಾರೋ ಗದರುತ್ತಾರೆ. ಎಲ್ಲಿ ಹೋದರೂ ತಾವು ಬೇಡದವರು ಅನ್ನಿಸುವ ಜಾಗಕ್ಕೆ ನಾವಾದರೂ ಹೋಗುತ್ತೇವಾ?

ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಹೇಳಿದ ಗ್ರಂಥಾಲಯದ ಐದು ಸೂತ್ರಗಳು ನಿಮಗೆ ಬಾಯಿಪಾಠವೇ ಇರುತ್ತವೆ. ಅವುಗಳಲ್ಲಿ ಎರಡು ಹೀಗಿವೆ: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಹದಿಹರೆಯದವರ ವಿಷಯದಲ್ಲಿ ನಾವು ಸೋಲುವುದು ಹೆಚ್ಚಾಗಿ ಪುಸ್ತಕಕ್ಕೆ ಅದರ ಓದುಗನನ್ನು ಸೇರಿಸುವುದರಲ್ಲಿ. ಪುಸ್ತಕ ಇರುತ್ತದೆ, ಅವರ ಕಣ್ಣಿಗೆ ಬೀಳುವುದಿಲ್ಲ. ಕಾಮಿಕ್ಸನ್ನೇ ನೋಡಿ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಅದರ ಸಂಖ್ಯೆ 741.5. ಅಂದರೆ ಚಿತ್ರಕಲೆ ಕಲಿಸುವ ಪುಸ್ತಕಗಳ ಪಕ್ಕದಲ್ಲಿ, ಕಲೆಯ ಕಪಾಟಿನಲ್ಲಿ. ಕಾಮಿಕ್ಸ್ ಹುಡುಕುವ ಹುಡುಗ ಅಲ್ಲಿಗೆ ಯಾಕೆ ಹೋಗುತ್ತಾನೆ? ಅವನ್ನು ಎತ್ತಿ ನಿಮ್ಮ ಹೊಸ ಮೂಲೆಗೆ ತನ್ನಿ. ಸಂಖ್ಯೆ ಬದಲಿಸುವುದು ಬೇಡ, ಜಾಗ ಬದಲಿಸಿ. ಹಾಗೆಯೇ ಎಲ್ಲ ಪುಸ್ತಕವನ್ನೂ ಬೆನ್ನು ಕಾಣುವ ಹಾಗೆ ಒತ್ತೊತ್ತಾಗಿ ಜೋಡಿಸಬೇಡಿ. ಪ್ರತಿ ಸಾಲಿನಲ್ಲೂ ಮೂರ್ನಾಲ್ಕನ್ನು ಮುಖಪುಟ ಕಾಣುವ ಹಾಗೆ ನಿಲ್ಲಿಸಿ. ಹಳದಿಯಾದ, ಬೈಂಡು ಕಿತ್ತ ಪ್ರತಿಗಳನ್ನು ಈ ಮೂಲೆಯಿಂದ ತೆಗೆದುಬಿಡಿ.

ಕಾಮಿಕ್ಸ್ ಓದಿದರೆ ಅದು ಓದೇ ಅಲ್ಲ ಅನ್ನುವವರು ನಿಮಗೂ ಸಿಗುತ್ತಾರೆ. ಅದು ಓದೇ. ಚಿತ್ರ ಮತ್ತು ಮಾತು ಎರಡನ್ನೂ ಜೋಡಿಸಿ ಅರ್ಥ ಮಾಡಿಕೊಳ್ಳಬೇಕು, ಎರಡು ಚೌಕಗಳ ಮಧ್ಯೆ ಏನಾಯಿತು ಅಂತ ಊಹಿಸಬೇಕು. ಕೇಳುವ ಪುಸ್ತಕಗಳಿಗೂ ಇದೇ ಮಾತು. ಅಕ್ಷರ ತಡವರಿಸುವ ಮಗುವಿಗೆ ಧ್ವನಿ ಪುಸ್ತಕ ದೊಡ್ಡ ಆಸರೆ. ಒಂದೇ ಸರಣಿಯ ಹತ್ತು ಭಾಗ ಬೇಕು ಅಂದರೆ ಹತ್ತೂ ತರಿಸಿ, ಮೂರನೆಯದು ಕಳೆದುಹೋದರೆ ಮತ್ತೆ ತರಿಸಿ. ಸರಣಿಯ ನಡುವೆ ಒಂದು ಭಾಗ ಇಲ್ಲದಿದ್ದರೆ ಓದುವುದು ಅಲ್ಲಿಗೇ ನಿಲ್ಲುತ್ತದೆ.

ಹದಿಮೂರಕ್ಕೂ ಹದಿನೇಳಕ್ಕೂ ತುಂಬ ಅಂತರ ಇದೆ ಅನ್ನೋದು ನೆನಪಿರಲಿ. ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟ ಇಫ್ಲಾ ತನ್ನ ಮಾರ್ಗಸೂಚಿಯಲ್ಲಿ 12ರಿಂದ 18ರವರೆಗೆ ಅಂತ ಒಂದೇ ಗುಂಪು ಮಾಡುತ್ತದೆ. ಕಾಗದದ ಮೇಲೆ ಅದು ಸರಿ. ಕಪಾಟಿನಲ್ಲಿ ಮಾತ್ರ ಚಿಕ್ಕವರಿಗೆ ಒಂದು ತುದಿ, ದೊಡ್ಡವರಿಗೆ ಇನ್ನೊಂದು ತುದಿ ಇರಲಿ. ವಯಸ್ಸು ಬರೆದ ಚೀಟಿ ಅಂಟಿಸಬೇಡಿ. ಹದಿನಾರರ ಹುಡುಗ ಸುಲಭದ ಪುಸ್ತಕ ಎತ್ತಿಕೊಳ್ಳಲು ಆಸೆಪಟ್ಟು, ಚೀಟಿ ನೋಡಿ ಹಿಂದೆ ಇಟ್ಟುಬಿಡುತ್ತಾನೆ.

ಈಗ ನನಗೆ ಅತಿ ಮುಖ್ಯ ಅನ್ನಿಸಿದ ವಿಷಯ. ಈ ವಯಸ್ಸಿನಲ್ಲಿ ಬಾಯಿ ಬಿಟ್ಟು ಕೇಳಲಾಗದ ಪ್ರಶ್ನೆಗಳು ಜಾಸ್ತಿ. ಮೈ ಬದಲಾಗುವುದು, ಮುಟ್ಟು, ಪ್ರೀತಿ, ಮನೆಯಲ್ಲಿ ಹೊಡೆತ, ಯಾರೋ ಮೈ ಮುಟ್ಟಿದ್ದು, ಬದುಕೇ ಬೇಡ ಅನ್ನಿಸುವುದು. ಕೌಂಟರಿಗೆ ಬಂದು "ಇದರ ಬಗ್ಗೆ ಪುಸ್ತಕ ಇದೆಯಾ" ಅಂತ ಯಾವ ಮಗುವೂ ಕೇಳುವುದಿಲ್ಲ. ಅದಕ್ಕೆ ಒಂದು ಸರಳ ದಾರಿ ಇದೆ. ಪುಸ್ತಕದ ಗುರುತು ಚೀಟಿಯಷ್ಟು ಅಗಲದ ಕಾಗದದಲ್ಲಿ ವಿಷಯ ಮತ್ತು ಕಪಾಟಿನ ಸಂಖ್ಯೆ ಮಾತ್ರ ಅಚ್ಚು ಮಾಡಿಸಿ. ನೀವು ಡ್ಯೂಯಿ ಬಳಸುವುದಾದರೆ, ಬೆಳೆಯುವ ಮೈ 612.6, ಖಿನ್ನತೆ ಆತಂಕ 616.85, ಈ ವಯಸ್ಸಿನ ಮನಸ್ಸು 155.5. ಹೀಗೆ ಎಂಟು ಹತ್ತು ಸಾಲು. ಸಂಖ್ಯೆಗಳ ನಡುವೆ ವ್ಯೋಮಯಾನ, ಫುಟ್‌ಬಾಲ್, ಕೋಡಿಂಗ್ ಕೂಡ ಸೇರಿಸಿ. ಆಗ ಚೀಟಿ ಕೈಯಲ್ಲಿದ್ದರೂ ಯಾರು ಏನು ಹುಡುಕುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಒಂದು ಕಟ್ಟು ಬಾಗಿಲ ಬಳಿ, ಒಂದು ಕಟ್ಟು ಶೌಚಾಲಯದ ಹತ್ತಿರ ಇಡಿ. ಚೀಟಿಯ ಹಿಂದೆ ನಿಮ್ಮಲ್ಲಿನ ಮಕ್ಕಳ ಸಹಾಯವಾಣಿಯ ಸಂಖ್ಯೆ ಇರಲಿ. ಈ ಪುಸ್ತಕಗಳು ಮನೆಗೆ ಹೋಗದೆ, ಅಲ್ಲೇ ಮೂಲೆಯಲ್ಲಿ ಕೂತು ಓದಿಸಿಕೊಳ್ಳಬಹುದು. ಕೆಲವು ಪ್ರತಿಗಳು ಮಾಯವೂ ಆಗಬಹುದು. ಆಗಲಿ ಬಿಡಿ. ಬೇಕಾದವರ ಕೈಗೆ ಹೋಗಿರುತ್ತವೆ. ಯಾರು ಏನು ತೆಗೆದುಕೊಂಡರು ಅನ್ನೋದನ್ನು ನಿಮ್ಮ ಸಿಬ್ಬಂದಿ ಯಾರ ಮುಂದೆಯೂ ಆಡಬಾರದು, ಇದು ಖಡಾಖಂಡಿತವಾಗಿರಲಿ.

ತಡವಾದರೆ ದಂಡ ಹಾಕುವ ಪದ್ಧತಿ ನಿಮ್ಮಲ್ಲಿದ್ದರೆ ಈ ವಯಸ್ಸಿನವರಿಗಾದರೂ ಬಿಟ್ಟುಬಿಡಿ. ಶಿಕಾಗೋ ಪಬ್ಲಿಕ್ ಲೈಬ್ರರಿ 2019ರಲ್ಲಿ, ನ್ಯೂಯಾರ್ಕ್ 2021ರಲ್ಲಿ ದಂಡ ನಿಲ್ಲಿಸಿದವು. ಸ್ವಂತ ದುಡ್ಡಿಲ್ಲದ ಮಗು ದಂಡಕ್ಕೆ ಹೆದರಿ ಪುಸ್ತಕವನ್ನೂ ತರುವುದಿಲ್ಲ, ತಾನೂ ಬರುವುದಿಲ್ಲ.

ಇನ್ನು ಚಟುವಟಿಕೆ. ಸ್ಪರ್ಧೆ ಬೇಡ ಅಂದಿದ್ದೀರಲ್ಲ, ನೂರಕ್ಕೆ ನೂರು ಸರಿ. ಈ ಮಕ್ಕಳ ಇಡೀ ದಿನ ಅಂಕ, ಸ್ಥಾನ, ಹೋಲಿಕೆಯಲ್ಲೇ ಕಳೆಯುತ್ತದೆ. ಲೈಬ್ರರಿಯಲ್ಲೂ ಮೊದಲ ಬಹುಮಾನ, ಸಮಾಧಾನಕರ ಬಹುಮಾನ ಯಾಕೆ?

ನನಗೆ ತುಂಬ ಇಷ್ಟವಾದದ್ದು ಪುಟಾಣಿ ಪುಸ್ತಕ ಮಾಡುವುದು. ಝೀನ್ ಅಂತ ಕರೆಯುತ್ತಾರೆ. ಒಂದು ಎ4 ಹಾಳೆ, ಒಂದು ಕತ್ತರಿ, ಪೆನ್ನು ಸಾಕು. ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿ, ಎಂಟು ಚೌಕ ಬರುತ್ತದೆ. ಈಗ ಅಡ್ಡಕ್ಕೆ ಅರ್ಧ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಚೌಕದಷ್ಟು ಕತ್ತರಿಸಿ. ಬಿಡಿಸಿದರೆ ಹಾಳೆಯ ಮಧ್ಯೆ ಒಂದು ಸೀಳು ಕಾಣುತ್ತದೆ. ಉದ್ದಕ್ಕೆ ಮಡಚಿ ಎರಡು ತುದಿಗಳನ್ನು ಒಳಕ್ಕೆ ತಳ್ಳಿದರೆ ಸೀಳು ಅರಳಿ ಕೂಡು ಗುರುತಿನ ಆಕಾರ ಬರುತ್ತದೆ. ಅದನ್ನು ಸುತ್ತಿ ಒತ್ತಿದರೆ ಎಂಟು ಪುಟದ ಪುಸ್ತಕ ರೆಡಿ. ಅಂಟು ಬೇಡ, ಪಿನ್ನು ಬೇಡ. ಬಿಡಿಸಿ ಜೆರಾಕ್ಸ್ ಮಾಡಿದರೆ ಎಷ್ಟು ಪ್ರತಿ ಬೇಕಾದರೂ ಆಗುತ್ತದೆ. ಒಬ್ಬಳು ತನ್ನ ಬೆಕ್ಕಿನ ಬಗ್ಗೆ ಬರೆಯಬಹುದು, ಇನ್ನೊಬ್ಬ ಲೆಕ್ಕದ ಭಯದ ಬಗ್ಗೆ. ತಿದ್ದಬೇಡಿ. ಕಾಗುಣಿತ ತಪ್ಪಿದ್ದರೂ ಹಾಗೇ ಇರಲಿ.

ಆಮೇಲೆ ಒಂದು ಕೆಲಸ ಮಾಡಿ. ಒಪ್ಪಿಗೆ ಕೊಟ್ಟವರ ಪುಸ್ತಕಕ್ಕೆ ನಿಮ್ಮ ಆಕ್ಸೆಷನ್ ರಿಜಿಸ್ಟರಿನಲ್ಲಿ, ಅಂದರೆ ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನು ದಾಖಲಿಸುವ ಪುಸ್ತಕದಲ್ಲಿ, ಒಂದು ಸಂಖ್ಯೆ ಕೊಡಿ. ಸೀಲು ಹೊಡೆಯಿರಿ. ಕ್ಯಾಟಲಾಗಿಗೆ ಸೇರಿಸಿ. ತಾನು ಬರೆದ ಎಂಟು ಪುಟ ಗ್ರಂಥಾಲಯದ ಲೆಕ್ಕದಲ್ಲಿದೆ, ಬೇರೆಯವರು ಎರವಲು ಪಡೆಯುತ್ತಾರೆ ಅನ್ನೋದು ಒಂದು ಮಗುವಿಗೆ ಎಂಥ ಗೌರವ! ಈ ವಯಸ್ಸನ್ನು ಕಡಿಮೆ ಅಂದುಕೊಳ್ಳಬೇಡಿ. ಲೂಯಿ ಬ್ರೈಲ್ ತನ್ನ ಚುಕ್ಕಿಗಳ ಲಿಪಿಯನ್ನು ರೂಪಿಸಿದ್ದು 1824ರಲ್ಲಿ, ಆಗ ಅವನಿಗೆ ಹದಿನೈದು. ಅಮೆರಿಕದ ಲೇಖಕಿ ಎಸ್. ಇ. ಹಿಂಟನ್ ತನ್ನ ಮೊದಲ ಕಾದಂಬರಿ ಬರೆದದ್ದು ಹೈಸ್ಕೂಲಿನಲ್ಲಿದ್ದಾಗ. ತನ್ನಂಥ ಮಕ್ಕಳ ನಿಜವಾದ ಬದುಕಿನ ಬಗ್ಗೆ ಓದಲು ಏನೂ ಇಲ್ಲ ಅಂತ ತಾನೇ ಬರೆದಳು. 1967ರಲ್ಲಿ ಅಚ್ಚಾದ ಆ ಪುಸ್ತಕವನ್ನು ಹದಿಹರೆಯದ ಸಾಹಿತ್ಯಕ್ಕೆ ತಿರುವು ಕೊಟ್ಟದ್ದು ಅಂತ ಇಂದಿಗೂ ಹೇಳುತ್ತಾರೆ.

ಪುಸ್ತಕ ಪರಿಚಯಿಸುವ ರೀತಿ ಕೂಡ ಮುಖ್ಯ. ಅಮೆರಿಕದ ಬಾಲ್ಟಿಮೋರ್‌ನ ಈನಕ್ ಪ್ರ್ಯಾಟ್ ಗ್ರಂಥಾಲಯದಲ್ಲಿ ಮಾರ್ಗರೆಟ್ ಎಡ್ವರ್ಡ್ಸ್ ಎಂಬುವರಿದ್ದರು. 1940ರ ದಶಕದಲ್ಲಿ ಕುದುರೆ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಬಡವರ ಬೀದಿಗಳಿಗೆ ಹೋದವರು. ಶಾಲೆಗಳಿಗೆ ಹೋಗಿ ಪುಸ್ತಕದ ಬಗ್ಗೆ ಮಾತಾಡುವುದನ್ನು ತಮ್ಮ ಸಿಬ್ಬಂದಿಗೆ ಕಲಿಸಿದವರು. ನೀವೂ ಹಾಗೆ ಮಾತಾಡಿ ನೋಡಿ. ಲೇಖಕರ ಪರಿಚಯ, ಪ್ರಶಸ್ತಿ, ಸಂದೇಶ ಏನೂ ಬೇಡ. ಕಥೆಯ ಒಂದು ಸನ್ನಿವೇಶ ಎತ್ತಿಕೊಳ್ಳಿ, ಮೂರು ನಿಮಿಷ ಹೇಳಿ, ಕಥೆಯೊಳಗಿನ ಬಾಗಿಲು ತೆರೆಯುವ ಹೊತ್ತಿಗೆ ನಿಲ್ಲಿಸಿಬಿಡಿ. ಪುಸ್ತಕವನ್ನು ಮೇಜಿನ ಮೇಲಿಟ್ಟು ಆಚೆ ಹೋಗಿ. ನೀವೇ ಓದಿರದ ಪುಸ್ತಕದ ಬಗ್ಗೆ ಮಾತ್ರ ಮಾತಾಡಬೇಡಿ, ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ.

ಸಿಬ್ಬಂದಿ ಕಡಿಮೆ ಅಂತ ನೀವು ಬರೆದಿಲ್ಲ, ಆದರೆ ಹೆಚ್ಚು ಜನ ಇರಲಾರರು ಅಂತ ನನಗೆ ಅನುಮಾನ. ಹಾಗಿದ್ದರೆ ಯಾರೂ ನಿಂತು ನಡೆಸಬೇಕಿಲ್ಲದ ಚಟುವಟಿಕೆಗಳಿಂದ ಶುರು ಮಾಡಿ. ಮೇಜಿನ ಮೇಲೆ ಅರ್ಧ ಜೋಡಿಸಿದ ದೊಡ್ಡ ಜಿಗ್‌ಸಾ ಚಿತ್ರ ಇಡಿ, ಬಂದವರು ನಾಲ್ಕು ತುಂಡು ಜೋಡಿಸಿ ಹೋಗಲಿ. ಗೋಡೆಗೆ ವಾರಕ್ಕೊಂದು ಪ್ರಶ್ನೆ ಬರೆದು ಅಂಟುಚೀಟಿ ಇಡಿ. "ಯಾವ ಪುಸ್ತಕ ಅರ್ಧಕ್ಕೆ ಬಿಟ್ಟಿರಿ, ಯಾಕೆ?" ಅಂತ ಕೇಳಿ ನೋಡಿ, ನಿಮಗೆ ಬೇಕಾದ ಪಟ್ಟಿ ಅಲ್ಲೇ ಹುಟ್ಟುತ್ತದೆ. ತಂಡ ಗಟ್ಟಿಯಾದ ಮೇಲೆ ಮಾನವ ಗ್ರಂಥಾಲಯ ಮಾಡಬಹುದು. 2000ದಲ್ಲಿ ಡೆನ್ಮಾರ್ಕ್‌ನ ರೋಸ್ಕಿಲ್ಡ ಉತ್ಸವದಲ್ಲಿ ಶುರುವಾದ ಪದ್ಧತಿ ಅದು. ಪುಸ್ತಕದ ಬದಲು ಒಬ್ಬ ಮನುಷ್ಯನನ್ನು ಸ್ವಲ್ಪ ಹೊತ್ತಿಗೆ ಎರವಲು ಪಡೆದು ಮಾತಾಡುವುದು. ಕಣ್ಣು ಕಾಣದವರು, ನಿರಾಶ್ರಿತರು, ಕುಡಿತ ಬಿಟ್ಟವರು. ಏನು ಬೇಕಾದರೂ ಕೇಳಬಹುದು, ಗೌರವದಿಂದ ಕೇಳಬೇಕು.

ಸದ್ದಿನ ಬಗ್ಗೆ. ಶಿಕಾಗೋದ ಹೆರಾಲ್ಡ್ ವಾಷಿಂಗ್ಟನ್ ಗ್ರಂಥಾಲಯ 2009ರಲ್ಲಿ ಹದಿಹರೆಯದವರಿಗೇ ಯೂಮೀಡಿಯಾ ಎಂಬ ಜಾಗ ತೆರೆಯಿತು. ಅಲ್ಲಿ ಹಾಡು ರೆಕಾರ್ಡ್ ಮಾಡಬಹುದು, ವಿಡಿಯೋ ಮಾಡಬಹುದು, ಸುಮ್ನೆ ಕೂರಲೂಬಹುದು. ಸ್ಟಾಕ್‌ಹೋಮ್‌ನ ಟಿಯೋಟ್ರೆಟ್ಟನ್ ಗ್ರಂಥಾಲಯ 10ರಿಂದ 13ರವರಿಗೆ ಮಾತ್ರ, ದೊಡ್ಡವರಿಗೆ ಒಳಗೆ ಪ್ರವೇಶವಿಲ್ಲ. ನಿಮಗೆ ಪ್ರತ್ಯೇಕ ಕೋಣೆ ಇಲ್ಲ. ಆದರೆ ಸಮಯ ಇದೆ. ವಾರಕ್ಕೆ ಎರಡು ಸಂಜೆ, ಒಂದೂವರೆ ಗಂಟೆ, ಮಾತಾಡುವ ಹೊತ್ತು ಅಂತ ಬಾಗಿಲಿಗೆ ಬೋರ್ಡು ಹಾಕಿ. ಹಿರಿಯರಿಗೆ ಮುಂಚೆಯೇ ತಿಳಿಸಿ. ಉಳಿದ ಹೊತ್ತು ನಿಶ್ಶಬ್ದ, ಪರೀಕ್ಷೆಗೆ ಓದುವವರಿಗೂ ಅದು ಬೇಕು. ಹಿರಿಯರಿಗೆ ಫೋನಿನಲ್ಲಿ ಫಾರಂ ತುಂಬುವುದು, ಅಕ್ಷರ ದೊಡ್ಡದು ಮಾಡುವುದು ಹೇಳಿಕೊಡುವ ಕೆಲಸವನ್ನು ಈ ಮಕ್ಕಳಿಗೇ ವಹಿಸಿ. ಜೊತೆಗೆ ಕೂತು ಕಲಿತವರು ಅಷ್ಟು ಬೇಗ ಗದರುವುದಿಲ್ಲ.

ಪೋಷಕರ ಜಗಳ ಬಂದೇ ಬರುತ್ತದೆ. ಬರುವ ಮುಂಚೆಯೇ ಪುಸ್ತಕವನ್ನು ಹೇಗೆ ಆರಿಸುತ್ತೀರಿ ಅಂತ ಒಂದು ಪುಟ ಬರೆದು, ನಿಮ್ಮ ಮೇಲಿನವರ ಸಹಿ ಪಡೆದು ಇಟ್ಟುಕೊಳ್ಳಿ. ಯುನೆಸ್ಕೋ ಮತ್ತು ಇಫ್ಲಾದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ವಯಸ್ಸಿನ ಭೇದವಿಲ್ಲದೆ ಎಲ್ಲರಿಗೂ ಸಮಾನ ಸೇವೆ ಸಿಗಬೇಕು ಅನ್ನುತ್ತದೆ, ಅದರ ಪ್ರತಿ ಜೊತೆಗಿರಲಿ. ಬಂದವರನ್ನು ಕೂರಿಸಿ ಮಾತಾಡಿಸಿ. ಪುಸ್ತಕ ಪೂರ್ತಿ ಓದಿದ್ದೀರಾ ಅಂತ ಕೇಳಿ, ಓದಿಲ್ಲದಿದ್ದರೆ ಕೊಟ್ಟು ಕಳಿಸಿ. ತಮ್ಮ ಮಗು ಏನು ಓದಬೇಕು ಅನ್ನೋದರಲ್ಲಿ ಅವರ ಮಾತಿಗೆ ಬೆಲೆ ಇದೆ. ಊರಿನ ಎಲ್ಲ ಮಕ್ಕಳೂ ಏನು ಓದಬಾರದು ಅಂತ ಒಬ್ಬರು ಹೇಳಲು ಆಗುವುದಿಲ್ಲ. ಇದನ್ನು ಮೆತ್ತಗೆ ಹೇಳಿ, ಆದರೆ ಹಿಂದೆ ಸರಿಯಬೇಡಿ. ನೀವು ಹಿಂದೆ ಸರಿದರೆ ಮೊದಲು ಮಾಯವಾಗುವುದು ಆ 612.6ರ ಸಾಲು.

ಮಕ್ಕಳ ಫೋಟೋ ಅವರ ಮತ್ತು ಮನೆಯವರ ಒಪ್ಪಿಗೆ ಇಲ್ಲದೆ ಎಲ್ಲೂ ಹಾಕಬೇಡಿ. ಕಾರ್ಯಕ್ರಮದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಲಿ. ಮೊದಲ ಸಂಜೆ ಇಬ್ಬರೇ ಬಂದರೂ ರದ್ದು ಮಾಡಬೇಡಿ, ಹೇಳಿದ ದಿನ ಹೇಳಿದ ಹೊತ್ತಿಗೆ ಬಾಗಿಲು ತೆರೆದಿರಲಿ. ಮೂರು ತಿಂಗಳಾದ ಮೇಲೆ ನಿಮ್ಮ ತಂಡದ ಮಕ್ಕಳೇ ನಮಗೊಂದು ಪತ್ರ ಬರೆಯಲಿ. ಏನು ನಡೆಯಿತು, ಏನು ನಡೆಯಲಿಲ್ಲ, ಯಾವ ಪುಸ್ತಕ ತರಿಸಿದರು ಅಂತ. ಪತ್ರಿಕೆಯಲ್ಲಿ ಅದಕ್ಕೆ ಎರಡು ಪುಟ ತೆಗೆದಿಡುತ್ತೇನೆ.

ಸಂಪಾದಕ