ಹಾರುಬೂದಿಯ ಜಿಯೋಲೈಟ್: ಹೀರಿಕೆ ಏಕಿಲ್ಲ?

ಪ್ರಶ್ನೆ: ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಹಾರುಬೂದಿಯನ್ನು ಜಿಯೋಲೈಟ್ (ಅನಿಲ ಹೀರುವ ಸಣ್ಣ ಕಿಂಡಿಗಳುಳ್ಳ ಹರಳು) ಮಾಡಲೆಂದು ಕಾಲೇಜು ಲ್ಯಾಬಿನಲ್ಲಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸಿದೆವು. ಸಿಕ್ಕ ಪುಡಿ ಇಂಗಾಲದ ಡೈಆಕ್ಸೈಡನ್ನು ಹೀರುತ್ತಲೇ ಇಲ್ಲ. ತಪ್ಪೆಲ್ಲಿ?

ಉತ್ತರ: ಬರೀ ಕುದಿಸಿದರೆ ಸಾಲದು. ಬೂದಿಯ ಗಾಜಿನಂಥ ಭಾಗ ಕರಗುತ್ತದೆ, ಕ್ವಾರ್ಟ್ಜ್ ಮತ್ತು ಮುಲೈಟ್ ಹರಳುಗಳು ಹೆಚ್ಚಿನಂಶ ಹಾಗೇ ಉಳಿಯುತ್ತವೆ. ಅವನ್ನು ಮುರಿಯಲು ಮೊದಲು ಒಣ ಬೆಸುಗೆ, ಅಂದರೆ ನೀರಿಲ್ಲದೆ ಸೋಡಾದೊಡನೆ ಕಾಯಿಸಿ ಕರಗಿಸುವುದು, ಬೇಕು. ಅಯಸ್ಕಾಂತ ಆಡಿಸಿ ಕಬ್ಬಿಣದ ಕಣ ತೆಗೆದ 10 ಗ್ರಾಂ ಬೂದಿಗೆ 12 ಗ್ರಾಂ ಕಾಸ್ಟಿಕ್ ಸೋಡಾ ಬೆರೆಸಿ, ನಿಕ್ಕಲ್ ಮೂಸೆಯಲ್ಲಿ 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ. ಪಿಂಗಾಣಿ ಮೂಸೆ ಬೇಡವೇ ಬೇಡ, ಕರಗಿದ ಸೋಡಾ ಅದನ್ನು ತಿಂದುಹಾಕುತ್ತದೆ. ಆರಿದ ಗಟ್ಟಿಯನ್ನು ಪುಡಿಮಾಡಿ, 100 ಮಿಲಿಲೀಟರ್ ನೀರಿನಲ್ಲಿ ರಾತ್ರಿಯಿಡೀ ಕಲಕಿ. ಆಮೇಲೆ ಬಿಗಿಮುಚ್ಚಳದ ಪಾಲಿಪ್ರೊಪಿಲೀನ್ ಬಾಟಲಿಯಲ್ಲಿ 90 ಡಿಗ್ರಿಯಲ್ಲಿ 6ರಿಂದ 8 ಗಂಟೆ ಅಲುಗಿಸದೆ ಇಡಿ.

ಬಹಳಷ್ಟು ಜನ ಎಡವುವುದು ಇಲ್ಲೇ: ಹೊತ್ತು ಅಥವಾ ಕಾವು ಮೀರಿದರೆ ನಮಗೆ ಬೇಕಾದ ಜಿಯೋಲೈಟ್ ಎಕ್ಸ್ ಎಂಬ ಬಗೆ ಸೋಡಲೈಟ್ ಎಂಬ ಬೇರೆ ಹರಳಾಗಿಬಿಡುತ್ತದೆ. ಅದರ ಕಿಂಡಿ ಎಷ್ಟು ಕಿರಿದೆಂದರೆ ಅನಿಲ ಒಳಹೋಗುವುದೇ ಇಲ್ಲ.

ಪಿಎಚ್ 10ರ ಕೆಳಗಿಳಿಯುವವರೆಗೆ ತೊಳೆಯಿರಿ. ಆ ನೀರಿನಲ್ಲಿ ಬೂದಿಯ ಆರ್ಸೆನಿಕ್ ಕೂಡ ಇರಬಹುದು, ಮೋರಿಗೆ ಸುರಿಯಬೇಡಿ. ಅಳೆಯುವ ಮುನ್ನ ಪುಡಿಯನ್ನು ನಿರ್ವಾತದಲ್ಲಿ 300 ಡಿಗ್ರಿಗೆ ಕಾಯಿಸಿ, ಒಣ ಅನಿಲವನ್ನೇ ಹಾಯಿಸಿ. ತೇವವಿದ್ದರೆ ನೀರೇ ಮೊದಲು ಜಾಗ ಹಿಡಿಯುತ್ತದೆ.