ಮನೆಗೆ ನೀರು ನುಗ್ಗೋದನ್ನ ಅಕ್ಕಪಕ್ಕದವರೇ ಸೇರಿ ತಡೀಬಹುದಾ?

ಜೋರು ಮಳೆ ಬಂದಾಗೆಲ್ಲ ರಸ್ತೆ ತುಂಬುತ್ತೆ, ಮನೆಯೊಳಗೂ ನೀರು ಬರುತ್ತೆ, ನಾವು ನಾವೇ ಸೇರ್ಕೊಂಡ್ರೆ ಏನಾದ್ರೂ ಆಗುತ್ತಾ ಇಲ್ಲ ಸುಮ್ನೆ ಟೈಮ್ ವೇಸ್ಟಾ ಅಂತ ಕೇಳಿದೀರ. ಖಂಡಿತ ಆಗುತ್ತೆ. ಆದ್ರೆ ಎಲ್ರೂ ಮೊದ್ಲು ವಾಟ್ಸಾಪ್ ಗ್ರೂಪ್ ಮಾಡಿ ಅಲ್ಲೇ ಬೈದಾಡಿ ಮುಗಿಸ್ತಾರೆ. ಅದಕ್ಕಿಂತ ಮುಂಚೆ ಸಣ್ಣ ಮಳೆ ಬರ್ತಿರುವಾಗ ನಾಲ್ಕು ಜನ ಕೊಡೆ ಹಿಡ್ಕೊಂಡು ನೀರಿನ ಜೊತೆಗೇ ನಡೀರಿ, ಮೇಲಿಂದ ಕೆಳಗಿನ ತನಕ, ವಿಡಿಯೋ ಮಾಡ್ಕೊಂಡು. ಮಳೆ ನಿಂತ್ಮೇಲೆ ಹೋದ್ರೆ ಇಳಿಜಾರು ಯಾವ ಕಡೆಗಿದೆ ಅನ್ನೋದೇ ಗೊತ್ತಾಗಲ್ಲ.

ಬಹಳ ಸಲ ಕಾರಣ ತುಂಬ ಚಿಕ್ಕದಾಗಿರುತ್ತೆ. ಮೋರಿ ಬಾಯಿಗಿರೋ ಜಾಲರಿಗೆ ಒಂದು ಕೊಂಬೆ ಅಡ್ಡ ಸಿಕ್ಕಿರುತ್ತೆ, ಅದಕ್ಕೆ ಪ್ಲಾಸ್ಟಿಕ್ ಕವರ್ ಸುತ್ಕೊಳ್ಳುತ್ತೆ, ಮೇಲೆ ಎಲೆ ಬಂದು ಮೆತ್ಕೊಳ್ಳುತ್ತೆ, ಅಷ್ಟೇ, ಒಳಗಡೆ ಪೈಪ್ ಖಾಲಿ ಇದ್ರೂ ನೀರು ರಸ್ತೆ ಮೇಲೇ. ಇಂಥ ಜಾಲರಿ ಒಂದೊಂದನ್ನೂ ಹತ್ತಿರದ ಒಬ್ಬೊಬ್ಬರಿಗೆ ವಹಿಸಿಬಿಡಿ, ಮಳೆ ಶುರುವಾಗೋಕೆ ಮುಂಚೆ ನೋಡ್ಕೊಳ್ಳಲಿ. ನೀರು ಹರೀತಿರುವಾಗ ಯಾರೂ ಕೈ ಹಾಕೋದು ಬೇಡ, ಮೋರಿಯೊಳಗೆ ಇಳಿಯೋದಂತೂ ಬೇಡವೇ ಬೇಡ.

ಹೂಳು ತುಂಬಿರೋದು, ಪೈಪ್ ಸಣ್ಣದಾಗಿರೋದು ನಮ್ ಕೈಲಿ ಆಗೋ ಕೆಲಸ ಅಲ್ಲ. ಚರಂಡಿ ಒಂದು ಇಲಾಖೆದು, ಮೇಲಿನ ರಸ್ತೆ ಇನ್ನೊಂದ್ರದು, ಮಧ್ಯೆ ಯಾರದ್ದೋ ಖಾಸಗಿ ಜಾಗ, ಹೀಗಿದ್ದಾಗ ಒಬ್ಬರ ಮೇಲೊಬ್ರು ಹಾಕ್ತಾ ಕೂತಿರ್ತಾರೆ. ಅದಕ್ಕೇ ಎಲ್ಲಾ ಮನೆಯವರ ಸಹಿ ಹಾಕಿ, ಜಾಗ, ದಿನ, ಟೈಮು, ಎಷ್ಟು ಆಳ ನಿಂತಿತ್ತು, ಫೋಟೋ, ಎಲ್ಲ ಸೇರಿಸಿ ಒಂದೇ ಅರ್ಜಿ ಎಲ್ಲಾ ಕಡೆಗೂ ಕೊಡಿ. ರಸ್ತೆಗೆ ಹೊಸ ಟಾರ್ ಹಾಕೋಕೆ ಬಂದಾಗ ಹಳೇ ಪದರ ಕೆರೆದು ತೆಗೆದೇ ಹಾಕಿ ಅಂತ ಪಟ್ಟು ಹಿಡೀರಿ, ಇಲ್ದಿದ್ರೆ ಪ್ರತಿ ಸಲ ರಸ್ತೆ ಏರ್ತಾ ಹೋಗಿ ಕೊನೆಗೆ ನಿಮ್ ಹೊಸ್ತಿಲೇ ತಗ್ಗಾಗುತ್ತೆ.

ಮೇಲ್ಗಡೆ ಇರೋರು 'ನಮ್ಗೇನೂ ತೊಂದ್ರೆ ಇಲ್ವಲ್ಲ' ಅಂತಾರೆ, ಅವರನ್ನ ಒಪ್ಪಿಸೋದೇ ನಿಜವಾದ ಕಷ್ಟ. ಅವರಿಗೆ ಲೆಕ್ಕ ತೋರಿಸಿ: ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ರೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿ ಮೇಲೆ 50 ಮಿ.ಮೀ. ಬಿದ್ರೆ 5,000 ಲೀಟರ್, ಅಂಥ 20 ಮನೆ ಇದ್ರೆ 1 ಲಕ್ಷ ಲೀಟರ್ ಕೆಳಗಿನವರ ಬಾಗಿಲಿಗೆ. ಒಂದಷ್ಟನ್ನ ತೊಟ್ಟಿಗೋ ಇಂಗುಗುಂಡಿಗೋ ಬಿಟ್ರೂ, ಅಂಗಳಕ್ಕೆ ಪೂರ್ತಿ ಸಿಮೆಂಟ್ ಬಳಿಯದೆ ಮಣ್ಣು ಬಿಟ್ರೂ ಕೆಳಗಡೆ ವ್ಯತ್ಯಾಸ ಕಾಣುತ್ತೆ. ಹಾಗೇ ಕೆಳಗಿನವರೂ ಒಬ್ಬೊಬ್ರೇ ಕಾಂಪೌಂಡ್ ಎತ್ತರಿಸ್ತಾ ಹೋದ್ರೆ ನೀರು ಪಕ್ಕದ ಮನೆಗೆ ಹೋಗುತ್ತೆ, ಜಗಳಾನೂ ಜೊತೇಲೇ ಹೋಗುತ್ತೆ. ನೆದರ್‌ಲ್ಯಾಂಡ್ಸ್‌ನಲ್ಲಿ ನೀರು ತಡೆಯೋ ಹೊಣೆ ಯಾರ್ಯಾರು ಹಂಚ್ಕೋಬೇಕು ಅನ್ನೋ ಈ ತಲೆನೋವಿಗೆ 13ನೇ ಶತಮಾನದಲ್ಲೇ ನೀರಿನ ಮಂಡಳಿಗಳು ಹುಟ್ಕೊಂಡ್ವು, ಇವತ್ತಿಗೂ ಅವಕ್ಕೆ ಬೇರೆ ಚುನಾವಣೆ, ಬೇರೆ ತೆರಿಗೆ.

ನೀರು ಬಂದೇಬಿಡ್ತು ಅಂದ್ರೆ ಮೊದ್ಲು ರಸ್ತೆಗೆ ಅಡ್ಡ ಏನಾದ್ರೂ ಇಟ್ಟು ಗಾಡಿಗಳು ಬರದ ಹಾಗೆ ಮಾಡಿ, ಪೊಲೀಸರಿಗೂ ಹೇಳಿ. ಕಾರು ಎಬ್ಬಿಸೋ ಅಲೆಯಿಂದಾನೇ ಹೊಸ್ತಿಲ ಹತ್ರ ನಿಂತಿದ್ದ ನೀರು ಒಳಗೆ ಬರುತ್ತೆ, ಇದನ್ನ ಯಾರೂ ಯೋಚ್ನೆ ಮಾಡಲ್ಲ. ಹರಿಯೋ ನೀರು 15 ಸೆಂ.ಮೀ. ಇದ್ರೂ ದೊಡ್ಡವರೇ ಕಾಲು ಜಾರಿ ಬೀಳಬಹುದು, 30 ಸೆಂ.ಮೀ.ಗೆ ಸಣ್ಣ ಕಾರು ತೇಲೋಕೆ ಶುರುವಾಗುತ್ತೆ. ನೀರು ಬೇಗ ಇಳೀಲಿ ಅಂತ ಮ್ಯಾನ್‌ಹೋಲ್ ಮುಚ್ಚಳ ತೆಗೀಬೇಡಿ, ಕೆಸರು ನೀರಲ್ಲಿ ಆ ಗುಂಡಿ ಕಾಣಲ್ಲ, ಜನ ಸತ್ತಿದ್ದಾರೆ. ಕರೆಂಟ್ ಮೇನ್ ನೀರು ಒಳಗೆ ಬರೋಕೆ ಮುಂಚೇನೇ ಆಫ್ ಆಗ್ಬೇಕು, ನೀರಲ್ಲಿ ನಿಂತ್ಕೊಂಡು ಮುಟ್ಟೋದಲ್ಲ. ವಯಸ್ಸಾದವರು, ಹಾಸಿಗೆ ಹಿಡಿದವರು ಇರೋ ಮನೆಗೆ ಯಾರು ಓಡ್ಬೇಕು ಅನ್ನೋದೂ ಮುಂಚೇನೇ ಹೆಸರು ಹಿಡಿದು ಗೊತ್ತಾಗಿರ್ಲಿ, ಈಗ ಬೇಕಾದ್ರೆ ಗ್ರೂಪ್ ಮಾಡಿ.

ಮರಳು ಮೂಟೆ ನೀರನ್ನ ಪೂರ್ತಿ ತಡೆಯಲ್ಲ, ನಿಧಾನ ಮಾಡುತ್ತೆ ಅಷ್ಟೇ. ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಸಿ, ಇಟ್ಟಿಗೆ ಕಟ್ಟೋ ಹಾಗೆ ಕೆಳಗಿನ ಸಾಲಿನ ಸಂದಿ ಮೇಲೆ ಮೇಲಿನ ಮೂಟೆಯ ನಡುಭಾಗ ಬರೋ ಥರ ಜೋಡಿಸಿ. ಆಮೇಲೆ ಅವು ಚರಂಡಿ ನೀರು ಕುಡಿದಿರುತ್ತೆ, ಮಕ್ಕಳು ಆಡೋ ಕಡೆ ಮಾತ್ರ ಆ ಮರಳು ಸುರೀಬೇಡಿ.